ಕೆಲಸ-ಕಸುಬು: ಫೀಸು ಕಟ್ಟುವ ಮೊದಲು ಕೆಲಸ ಕೊಡುವವರನ್ನು ಕೇಳಿ



ಈ ತಿಂಗಳು ಒಂದೇ ಪತ್ರಕ್ಕೆ ಉತ್ತರ. ಹೆಸರು ಹಾಕಬೇಡಿ ಅಂತ ಬರೆದವರೇ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಐಟಿಐ ಓದಿ ಪೀಣ್ಯದಲ್ಲಿ ಹನ್ನೊಂದು ವರ್ಷ ಟರ್ನರ್ ಆಗಿದ್ದವರು, ಅದರಲ್ಲಿ ಕೊನೆಯ ಆರು ವರ್ಷ ಸಿಎನ್‌ಸಿ ಲೇತ್ ಮೇಲೆ. ಹೆಂಡತಿಯ ಕಡೆಯಿಂದ ಗ್ರೀನ್ ಕಾರ್ಡ್ ಆಗಿ ಇಲ್ಲಿಗೆ ಬಂದು ಎರಡು ವರ್ಷವಾಯಿತು. ಈಗ ಫ್ರೀಮಾಂಟ್ ಹತ್ತಿರ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ, ಪೆಟ್ಟಿಗೆ ಎತ್ತುವ ಕೆಲಸ. ಖಾಸಗಿ ಶಾಲೆಯೊಂದು ಆರು ತಿಂಗಳ ಸಿಎನ್‌ಸಿ ಕೋರ್ಸಿಗೆ 14,000 ಡಾಲರ್ ಕೇಳುತ್ತಿದೆಯಂತೆ. "ಮುಗಿಸಿದರೆ ಕೆಲಸ ಗ್ಯಾರಂಟಿ ಅಂತಾರೆ ಸಾರ್, ಸಾಲ ಮಾಡಿ ಸೇರಿಬಿಡಲಾ?" ಇದು ಅವರ ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ: ಈಗಲೇ ಸೇರಬೇಡಿ. ಒಂದು ಹದಿನೈದು ದಿನ ತಡೆಯಿರಿ. ಆ ಕೋರ್ಸು ಕಲಿಸುವುದು ಯಾವ ಕಾರ್ಖಾನೆಗೆ ಬೇಕಾದದ್ದು ಅಂತ ವಿಚಾರಿಸಿಕೊಳ್ಳಿ. ಕೆಲಸ ಕೊಡುವವರು ಕೋರ್ಸಿಗೆ ಎಷ್ಟು ಹತ್ತಿರ ಇದ್ದಾರೋ ಆ ಕೋರ್ಸಿನ ಬೆಲೆ ಅಷ್ಟು. ಬೋರ್ಡಿನ ಮೇಲೆ ಬರೆದ ಹೆಸರಿಗೆ ಬೆಲೆ ಇಲ್ಲ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ನಮ್ಮ ಈ ಬೇ ಏರಿಯಾದಲ್ಲೇ ಇದಕ್ಕೆ ದೊಡ್ಡ ಪುರಾವೆ ಇದೆ. ಅದಕ್ಕೆ ಆಮೇಲೆ ಬರೋಣ.

ನಿಮ್ಮ ಕೈಲಿ ಇರುವುದೆಷ್ಟು, ಇಲ್ಲಿ ಬೇಕಾದ್ದೆಷ್ಟು

ಹನ್ನೊಂದು ವರ್ಷ ಜಾಬ್ ಕಟ್ಟಿ, ಟೂಲ್ ಆಫ್‌ಸೆಟ್ ಕೊಟ್ಟು, ಮೈಕ್ರೋಮೀಟರ್ ಹಿಡಿದವರಿಗೆ ಲೇತ್ ಅಂದರೇನು ಅಂತ ಅ-ಆ-ಇ-ಈಯಿಂದ ಕಲಿಸುವುದಕ್ಕೆ ಯಾರೂ ಬೇಕಾಗಿಲ್ಲ. ಜಿ-ಕೋಡ್ ಅಲ್ಲೂ ಅದೇ, ಇಲ್ಲೂ ಅದೇ. ಫ್ಯಾನುಕ್ ಕಂಟ್ರೋಲ್ ಪೀಣ್ಯದಲ್ಲೂ ಇದೆ, ಸ್ಯಾನ್ ಹೋಸೆಯಲ್ಲೂ ಇದೆ. ಆದರೆ ಸಣ್ಣಪುಟ್ಟ ನಾಲ್ಕೈದು ವಿಷಯದಲ್ಲಿ ಇಲ್ಲಿನ ಶಾಪ್ ಬೇರೆ. ಇಂಟರ್‌ವ್ಯೂನಲ್ಲಿ ನಮ್ಮವರು ಮುಗ್ಗರಿಸುವುದು ಅಲ್ಲೇ.

ಒಂದು, ಅಳತೆ. ಇಲ್ಲಿ ಇಂಚು. ಒಂದು ಇಂಚು ಅಂದರೆ 25.4 ಮಿಲಿಮೀಟರ್. ಇಂಚಿನ ಸಾವಿರದ ಒಂದು ಭಾಗಕ್ಕೆ ಇಲ್ಲಿನವರು 'ಥೌ' ಅಂತಾರೆ, ಹತ್ತಿರ ಹತ್ತಿರ 25 ಮೈಕ್ರಾನ್. "ಹಾಫ್ ಎ ಥೌ ತೆಗಿ" ಅಂದಾಗ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾ ನಿಂತರೆ ಫೋರ್‌ಮನ್‌ಗೆ ಅನುಮಾನ ಬರುತ್ತದೆ.

ಎರಡು, ಡ್ರಾಯಿಂಗ್. ಇದು ಅಳತೆಗಿಂತ ದೊಡ್ಡ ವಿಷಯ. ನಾವು ಐಟಿಐಯಲ್ಲಿ ಕಲಿತದ್ದು ಫಸ್ಟ್ ಆಂಗಲ್ ಪ್ರೊಜೆಕ್ಷನ್. ಅದರಲ್ಲಿ ಮೇಲಿನಿಂದ ಕಾಣುವ ನೋಟವನ್ನು ಮುಂಭಾಗದ ನೋಟದ ಕೆಳಗೆ ಹಾಕುತ್ತಾರೆ. ಅಮೆರಿಕದಲ್ಲಿ ಥರ್ಡ್ ಆಂಗಲ್, ಮೇಲಿನ ನೋಟ ಮೇಲೆಯೇ ಇರುತ್ತದೆ. ಬಲಗಡೆಯ ನೋಟವೂ ಹಾಗೆಯೇ: ನಮ್ಮಲ್ಲಿ ಎಡಕ್ಕೆ, ಇಲ್ಲಿ ಬಲಕ್ಕೆ. ಹಳೆಯ ಅಭ್ಯಾಸದಲ್ಲೇ ಓದಿದರೆ ತೂತು ಎದುರು ಬದಿಗೆ ಬೀಳುತ್ತದೆ, ಜಾಬ್ ಸ್ಕ್ರ್ಯಾಪ್ ಆಗುತ್ತದೆ. ಡ್ರಾಯಿಂಗಿನ ಮೂಲೆಯಲ್ಲಿ ಮೊಟಕಾದ ಕೋನ್ ಚಿತ್ರದ ಗುರುತು ಇರುತ್ತದೆ, ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೂರು, ಜಿಡಿ ಆ್ಯಂಡ್ ಟಿ. ಆಕಾರ, ಸ್ಥಾನ, ನೇರ, ಚಪ್ಪಟೆ ಇವೆಲ್ಲ ಎಷ್ಟರ ಮಟ್ಟಿಗೆ ತಪ್ಪಬಹುದು ಅಂತ ಹೇಳುವ ಚಿಹ್ನೆಗಳು. ಇಲ್ಲಿ ನಡೆಯುವುದು ಎಎಸ್‌ಎಂಇ ವೈ14.5 ಎಂಬ ಮಾನದಂಡ. ನಾಲ್ಕು, ಮೆಷಿನ್ ಮತ್ತು ಸಾಫ್ಟ್‌ವೇರ್: ಹಾಸ್ ಕಂಪನಿ ಕ್ಯಾಲಿಫೋರ್ನಿಯಾದ್ದೇ, ಇಲ್ಲಿನ ಸಣ್ಣ ಶಾಪ್‌ಗಳಲ್ಲೂ ಕಾಲೇಜುಗಳಲ್ಲೂ ಅದರ ಮೆಷಿನ್ ಹೆಚ್ಚು ಕಾಣುತ್ತದೆ. ಪ್ರೋಗ್ರಾಮ್ ಮಾಡಲು ಮಾಸ್ಟರ್‌ಕ್ಯಾಮ್ ತರಹದ್ದು ಕೇಳುತ್ತಾರೆ. ಐದು, ಶಾಪಿನ ಮಾತು. ನಾವು ಫಸ್ಟ್ ಪೀಸ್ ಅನ್ನುವುದು ಇಲ್ಲಿ ಫಸ್ಟ್ ಆರ್ಟಿಕಲ್. ಜಾಬ್ ಜೊತೆ ಬರುವ ಕಾಗದಕ್ಕೆ ಟ್ರಾವೆಲರ್ ಅಂತ ಹೆಸರು, ಅದನ್ನು ಓದಿ ಸಹಿ ಮಾಡಬೇಕು.

ಲೆಕ್ಕ ಹಾಕಿ ನೋಡಿ. ಪತ್ರ ಬರೆದ ಅಣ್ಣನಿಗೆ ಬೇಕಾದದ್ದು ಈ ಐದು. ಆ ಆರು ತಿಂಗಳ ಕೋರ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವರಿಗೆ ಗೊತ್ತಿರುವುದೇ ಇರಬಹುದು. ಗೊತ್ತಿರುವುದನ್ನು ಕಲಿಯಲು ಸಾಲ ಯಾಕೆ?

ಸ್ಯಾನ್ ಹೋಸೆಯ ಪಾಠ

ಈಗ ಪುರಾವೆಗೆ ಬರುತ್ತೇನೆ. 1967ರಲ್ಲಿ ಸ್ಯಾನ್ ಹೋಸೆಯಲ್ಲಿ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಟ್ರೈನಿಂಗ್ ಅನ್ನುವ ಸಂಸ್ಥೆ ಶುರುವಾಯಿತು, ಚಿಕ್ಕದಾಗಿ ಸಿಇಟಿ. (ನಮ್ಮೂರಿನ ಸಿಇಟಿ ಪರೀಕ್ಷೆಗೂ ಇದಕ್ಕೂ ಸಂಬಂಧ ಇಲ್ಲ!) ಮೆಕ್ಸಿಕೊ ಮೂಲದ ಬಡ ಕುಟುಂಬಗಳು, ತೋಟಗಳಲ್ಲಿ ಹಣ್ಣು-ತರಕಾರಿ ಕೀಳುತ್ತಿದ್ದ ಕೂಲಿಯವರು, ಇಂಗ್ಲಿಷ್ ಸರಿಯಾಗಿ ಬಾರದವರು, ಇಂಥವರಿಗಾಗಿ ಮಾಡಿದ್ದು. ಆ ಕಾಲಕ್ಕೆ ಈ ಕಣಿವೆಯಲ್ಲಿ ಹಣ್ಣಿನ ತೋಟ ಕಡಿಮೆಯಾಗಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಏಳುತ್ತಿದ್ದವು.

ಅವರು ಏನು ಮಾಡಿದರು? ಸೇರಲು ಪರೀಕ್ಷೆ ಇಡಲಿಲ್ಲ. ಇಂಗ್ಲಿಷ್, ಗಣಿತ ಮೊದಲು ಕಲಿತು ಬಾ, ಆಮೇಲೆ ಕಸುಬು ಅನ್ನಲಿಲ್ಲ. ಕಸುಬು ಕಲಿಸುತ್ತಲೇ ಅದಕ್ಕೆ ಬೇಕಾದ ಇಂಗ್ಲಿಷ್, ಬೇಕಾದ ಲೆಕ್ಕ ಕಲಿಸಿದರು. ತರಗತಿಯನ್ನು ಕಾರ್ಖಾನೆಯ ಹಾಗೆ ನಡೆಸಿದರು: ಹೊತ್ತಿಗೆ ಸರಿಯಾಗಿ ಬರಬೇಕು, ಪೂರ್ತಿ ಹೊತ್ತು ಇರಬೇಕು. ಇಷ್ಟು ವಾರಕ್ಕೆ ಮುಗಿಯಿತು ಅಂತ ಇಲ್ಲ, ಕೆಲಸ ಬಂದಾಗ ಮುಗಿಯಿತು. ಕಲಿಸುವವರು ಅದೇ ಕೆಲಸ ಮಾಡಿ ಬಂದವರು. ಎಲ್ಲಕ್ಕಿಂತ ಮುಖ್ಯ, ಸುತ್ತಲಿನ ಕಂಪನಿಗಳವರು ಸಲಹಾ ಮಂಡಳಿಯಲ್ಲಿ ಕೂತು ಯಾವ ಕೋರ್ಸು ಬೇಕು, ಯಾವುದು ಸಾಕು ಅಂತ ಹೇಳುತ್ತಿದ್ದರು.

1980ರ ದಶಕದಲ್ಲಿ ಎರಡು ದೊಡ್ಡ ಅಧ್ಯಯನ ನಡೆದವು. ಒಂದು, ಒಂಟಿ ತಾಯಂದಿರಿಗಾಗಿ ನಾಲ್ಕು ಸಂಸ್ಥೆಗಳಲ್ಲಿ ನಡೆದದ್ದು. ಇನ್ನೊಂದು, ಶಾಲೆ ಬಿಟ್ಟ ಹುಡುಗ-ಹುಡುಗಿಯರಿಗಾಗಿ 13 ಕಡೆ ನಡೆದ 'ಜಾಬ್‌ಸ್ಟಾರ್ಟ್'. ಎರಡರಲ್ಲೂ ಎದ್ದು ಕಂಡದ್ದು ಸ್ಯಾನ್ ಹೋಸೆಯ ಸಿಇಟಿ. ಜಾಬ್‌ಸ್ಟಾರ್ಟ್‌ನಲ್ಲಿ ಇಲ್ಲಿ ಕಲಿತವರು, ಕಲಿಯದವರಿಗಿಂತ, ಮೂರನೆಯ ಮತ್ತು ನಾಲ್ಕನೆಯ ವರ್ಷ ಸೇರಿ 6,000 ಡಾಲರಿಗೂ ಹೆಚ್ಚು ಗಳಿಸಿದರು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ.

ಇದನ್ನು ನೋಡಿ ಅಮೆರಿಕದ ಕಾರ್ಮಿಕ ಇಲಾಖೆ 1990ರ ದಶಕದಲ್ಲಿ ಸಿಇಟಿ ಪದ್ಧತಿಯನ್ನು ಬೇರೆ 12 ಕಡೆ ನಡೆಸಿ ನೋಡಿತು. ಫಲ ಸಪ್ಪೆ. 12ರಲ್ಲಿ ನಾಲ್ಕು ಕಡೆ ಮಾತ್ರ ಮೂಲ ಪದ್ಧತಿ ಸರಿಯಾಗಿ ಜಾರಿಗೆ ಬಂತು. ನಾಲ್ಕೂವರೆ ವರ್ಷ ಕಳೆದ ಮೇಲೆ ನೋಡಿದರೆ, ಒಟ್ಟಾರೆಯಾಗಿ ಕೆಲಸದಲ್ಲಿ, ಸಂಬಳದಲ್ಲಿ ನಿಲ್ಲುವಂಥ ಲಾಭ ಕಾಣಲಿಲ್ಲ. ಪಠ್ಯ ಕಾಪಿ ಮಾಡಬಹುದು, ಬೋರ್ಡು ಕಾಪಿ ಮಾಡಬಹುದು. ಸುತ್ತಮುತ್ತಲ ಕಂಪನಿಗಳ ಜೊತೆ ವರ್ಷಾನುಗಟ್ಟಲೆ ಬೆಳೆದ ನಂಟನ್ನು ಕಾಪಿ ಮಾಡಲಾಗುವುದಿಲ್ಲ. ಇದೇ ಕಾರಣಕ್ಕೆ "ಸಿಎನ್‌ಸಿ ಕೋರ್ಸ್" ಅನ್ನುವ ಒಂದೇ ಹೆಸರಿನ ಎರಡು ಕೋರ್ಸು ನಿಮ್ಮನ್ನು ಎರಡು ಬೇರೆ ಬೇರೆ ಜಾಗಕ್ಕೆ ಮುಟ್ಟಿಸಬಹುದು.

ನಮ್ಮೂರಿನವರಿಗೆ ಇದು ಹೊಸ ಮಾತಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಜಿಟಿಟಿಸಿಯನ್ನೇ ನೋಡಿ. ಅಲ್ಲಿನ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲೇ ಕೆಲಸ. ಜೊತೆಗೆ ಆ ಸಂಸ್ಥೆಯೇ ಕಂಪನಿಗಳಿಗೆ ಟೂಲ್ ಮಾಡಿಕೊಡುವ ಟೂಲ್ ರೂಮ್. ಕಲಿಯುವ ಹುಡುಗನ ಕಣ್ಣೆದುರಿಗೆ ನಿಜವಾದ ಗಿರಾಕಿಯ ನಿಜವಾದ ಜಾಬ್ ಇರುತ್ತದೆ. ಅಲ್ಲಿ ಓದಿದವರಿಗೆ ಇವತ್ತಿಗೂ ಮರ್ಯಾದೆ ಇರುವುದು ಇದಕ್ಕೇ.

ಒಬ್ಬನೇ ಮಾಲೀಕನಿಗಾಗಿ ಕಲಿತರೆ

ಹಾಗಾದರೆ ಒಂದು ಕಂಪನಿ ತನಗೆ ಬೇಕಾದ ಹಾಗೆ ಕಲಿಸಿದರೆ ಅದೇ ಒಳ್ಳೆಯದಲ್ಲವೇ ಅಂತ ಕೇಳಬಹುದು. ಒಳ್ಳೆಯದೇ, ಆದರೆ ಒಂದು ಎಚ್ಚರಿಕೆಯ ಮಾತಿದೆ.

ಫ್ರೀಮಾಂಟಿನಲ್ಲಿ ಈಗ ಟೆಸ್ಲಾ ಇರುವ ಕಾರ್ಖಾನೆ ಮೊದಲು ಜನರಲ್ ಮೋಟರ್ಸ್‌ನದು. 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೋಟಾ ಮತ್ತು ಜಿಎಂ ಸೇರಿ ಅದೇ ಜಾಗದಲ್ಲಿ ನುಮ್ಮಿ ಶುರುಮಾಡಿದರು. ಹಳೆಯ ಕಾರ್ಮಿಕರನ್ನೇ ಹೆಚ್ಚಾಗಿ ತೆಗೆದುಕೊಂಡರು. ಅವರಲ್ಲಿ ನೂರಾರು ಮಂದಿಯನ್ನು ಜಪಾನಿಗೆ, ಟೊಯೋಟಾದ ತಕಾವೊಕಾ ಕಾರ್ಖಾನೆಗೆ ಕಳಿಸಿ ಲೈನಿನ ಮೇಲೆಯೇ ಕಲಿಸಿದರು. ಕೆಟ್ಟ ಹೆಸರು ಹೊತ್ತಿದ್ದ ಅದೇ ಜನ ಒಳ್ಳೆಯ ಕಾರು ಮಾಡಿ ತೋರಿಸಿದರು. ಮಾಲೀಕ ಮನಸ್ಸಿಟ್ಟು ಕಲಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಜಗತ್ತಿನ ತುಂಬಾ ಕೊಡುವ ಉದಾಹರಣೆ ಅದು. ಅದೇ ಟೊಯೋಟಾ 2007ರಲ್ಲಿ ನಮ್ಮ ಬಿಡದಿಯಲ್ಲಿ ತರಬೇತಿ ಶಾಲೆ ತೆರೆಯಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿ ಮಕ್ಕಳಿಗೆ ಅಲ್ಲೇ ಇದ್ದು ಕಲಿಯುವ ಮೂರು ವರ್ಷದ ಕೋರ್ಸು.

ಆದರೆ ಫ್ರೀಮಾಂಟಿನ ಕತೆ ಅಲ್ಲಿಗೆ ಮುಗಿಯಲಿಲ್ಲ. 2010ರ ಏಪ್ರಿಲ್ 1ರಂದು ನುಮ್ಮಿ ಮುಚ್ಚಿತು. ಸುಮಾರು 4,700 ಜನರ ಕೆಲಸ ಹೋಯಿತು. ಅದೇ ವರ್ಷ ಟೆಸ್ಲಾ ಜಾಗ ಕೊಂಡಿತಾದರೂ ಅಲ್ಲಿ ಕಾರು ಹೊರಬಂದದ್ದು 2012ರಲ್ಲಿ, ಶುರುವಿನಲ್ಲಿ ಬೇಕಾಗಿದ್ದ ಕೈಗಳೂ ಕಮ್ಮಿ. ಇಂಥ ಹೊತ್ತಿನಲ್ಲಿ ಬಾಗಿಲು ಮುಂದೆ ನಿಲ್ಲುವುದು ಎರಡು ತರಹದ ಜನ. ಮೆಷಿನ್ ರಿಪೇರಿ, ವೆಲ್ಡಿಂಗ್, ಎಲೆಕ್ಟ್ರಿಕಲ್ ಕಸುಬು ಬಂದವರು ಅದನ್ನು ಇನ್ನೊಂದು ಗೇಟಿನಲ್ಲಿ ತೋರಿಸಬಹುದು. ಒಂದೇ ಲೈನಿನ ಒಂದೇ ಸ್ಟೇಷನ್ ಮಾತ್ರ ಗೊತ್ತಿರುವವರಿಗೆ ತೋರಿಸಲು ಏನಿರುತ್ತದೆ?

ಆದ್ದರಿಂದ ಕೋರ್ಸಿನ ಹಿಂದೆ ಒಬ್ಬ ಮಾಲೀಕ ಇದ್ದರೆ ಸಾಲದು, ನಾಲ್ಕು ಜನ ಇರಬೇಕು. ಕಲಿತದ್ದು ಒಂದು ಗೇಟಿನಲ್ಲಿ ಅಲ್ಲ, ನಾಲ್ಕು ಗೇಟಿನಲ್ಲಿ ನಡೆಯಬೇಕು. ಮೆಷಿನಿಸ್ಟರಿಗೆ ನಿಮ್ಸ್, ವೆಲ್ಡರಿಗೆ ಎಡಬ್ಲ್ಯುಎಸ್, ಬೋರ್ಡ್ ಸೋಲ್ಡರಿಂಗ್ ಮಾಡುವವರಿಗೆ ಐಪಿಸಿ, ಇಂಥ ಸರ್ಟಿಫಿಕೇಟುಗಳಿಗೆ ಬೆಲೆ ಬರುವುದು ಇದರಿಂದಲೇ. ಅವು ಕಂಪನಿಯ ಹೆಸರು ಹೇಳುವುದಿಲ್ಲ, ಕೈಯ ಕೆಲಸ ಹೇಳುತ್ತವೆ.

ಎಲ್ಲಿ ಕಲಿಯಬಹುದು, ಎಷ್ಟಾಗುತ್ತೆ

ನಮ್ಮವರು ಖಾಸಗಿ ಶಾಲೆಯ ಜಾಹೀರಾತು ನೋಡುತ್ತಾರೆ, ಪಕ್ಕದ ಕಮ್ಯೂನಿಟಿ ಕಾಲೇಜು ನೋಡುವುದಿಲ್ಲ. ಕುಪರ್ಟಿನೋದ ಡಿ ಆ್ಯಂಜಾದಲ್ಲಿ ಸಿಎನ್‌ಸಿ ಮತ್ತು ಉತ್ಪಾದನಾ ತಂತ್ರಜ್ಞಾನ ಇದೆ. ಹೇವರ್ಡ್‌ನ ಶಾಬೋ ಕಾಲೇಜಿನಲ್ಲಿ ಮೆಷಿನ್ ಶಾಪ್, ವೆಲ್ಡಿಂಗ್ ಇದೆ. ಓಕ್‌ಲ್ಯಾಂಡಿನ ಲೇನಿಯಲ್ಲಿ ಮೆಷಿನಿಸ್ಟ್, ವೆಲ್ಡಿಂಗ್, ಕಾರ್ಖಾನೆ ನಿರ್ವಹಣೆಯ ಕೋರ್ಸು ಇದೆ. ಸ್ಯಾನ್ ಹೋಸೆ ಸಿಟಿ ಕಾಲೇಜಿನಲ್ಲೂ ಮೆಷಿನ್ ಟೆಕ್ನಾಲಜಿ ಇದೆ. ಓಲೋನಿ ಕಾಲೇಜಿನ ಸ್ಮಾರ್ಟ್ ಮ್ಯಾನುಫ್ಯಾಕ್ಚರಿಂಗ್ ಇರುವುದು ನೂವಾರ್ಕ್ ಕ್ಯಾಂಪಸಿನಲ್ಲಿ.

ಕ್ಯಾಲಿಫೋರ್ನಿಯಾ ನಿವಾಸಿ ಅಂತ ಲೆಕ್ಕಕ್ಕೆ ಬಂದವರಿಗೆ ಈ ಕಾಲೇಜುಗಳಲ್ಲಿ ಒಂದು ಯೂನಿಟ್‌ಗೆ 46 ಡಾಲರ್. ಕ್ವಾರ್ಟರ್ ಪದ್ಧತಿಯ ಡಿ ಆ್ಯಂಜಾದಲ್ಲಿ ಯೂನಿಟ್‌ಗೆ 31. ಅಂದರೆ 16 ಯೂನಿಟ್‌ನ ಸರ್ಟಿಫಿಕೇಟಿಗೆ 736 ಡಾಲರ್. ಪುಸ್ತಕ, ಸಾಮಾನು, ಸಣ್ಣಪುಟ್ಟ ಶುಲ್ಕ ಬೇರೆ. ಆದಾಯ ಕಡಿಮೆ ಇದ್ದರೆ ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟಿಗೆ ಅರ್ಜಿ ಹಾಕಿ, ಯೂನಿಟ್ ಶುಲ್ಕವೇ ಮಾಫಿ. 14,000 ಎಲ್ಲಿ, 736 ಎಲ್ಲಿ! ಪೂರ್ತಿ ಸರ್ಟಿಫಿಕೇಟೂ ಬೇಕಿಲ್ಲ. ಡ್ರಾಯಿಂಗ್ ಓದುವುದು, ಜಿಡಿ ಆ್ಯಂಡ್ ಟಿ, ಮಾಸ್ಟರ್‌ಕ್ಯಾಮ್, ಹೀಗೆ ಬೇಕಾದ್ದು ಎರಡೋ ಮೂರೋ ಹಿಡಿಯಿರಿ. ಮೊದಲೇ ಬರುವ ಕೆಲಸಕ್ಕೆ ಕ್ರೆಡಿಟ್ ಕೊಡುವ ಪದ್ಧತಿ ಕಾಲೇಜುಗಳಲ್ಲಿ ಇದೆ, ಕೌನ್ಸೆಲರ್ ಹತ್ತಿರ ಕೇಳಿ.

ಇನ್ನೊಂದು ದಾರಿ: ಸ್ಯಾನ್ ಹೋಸೆಯಲ್ಲಿ ವರ್ಕ್‌ಟುಫ್ಯೂಚರ್, ಸನಿವೇಲ್ ಕಡೆ ನೋವಾವರ್ಕ್ಸ್, ಆಲಮೀಡಾ ಕೌಂಟಿಯಲ್ಲಿ ವರ್ಕ್‌ಫೋರ್ಸ್ ಬೋರ್ಡ್. ಕೆಲಸ ಹೋದವರಿಗೆ, ಆದಾಯ ಕಡಿಮೆ ಇರುವವರಿಗೆ ಸರ್ಕಾರದ ಹಣದಲ್ಲಿ ತರಬೇತಿ ಕೊಡಿಸುವ ಅವಕಾಶ ಅಲ್ಲಿದೆ. ಕೆಲಸ ಮಾಡುವ ಅನುಮತಿ ಇರಬೇಕು, ಶಾಲೆ ಅವರ ಪಟ್ಟಿಯಲ್ಲಿರಬೇಕು.

ಸೇರುವ ಮೊದಲು ಕೇಳುವ ಐದು ಪ್ರಶ್ನೆ

1. ಹಿಂದಿನ ಬ್ಯಾಚಿನವರು ಯಾವ ಯಾವ ಕಂಪನಿ ಸೇರಿದರು, ಯಾವ ಹುದ್ದೆಗೆ? "ತುಂಬಾ ಜನ ಸೇರಿದ್ದಾರೆ" ಅನ್ನುವುದು ಉತ್ತರವಲ್ಲ.

2. ನಿಮ್ಮ ಸಲಹಾ ಮಂಡಳಿಯಲ್ಲಿ ಯಾವ ಕಾರ್ಖಾನೆಯವರು ಇದ್ದಾರೆ? ಕೊನೆಯ ಸಲ ಸೇರಿದ್ದು ಯಾವಾಗ, ಅವರು ಹೇಳಿದ್ದರಿಂದ ಕೋರ್ಸಿನಲ್ಲಿ ಏನು ಬದಲಾಯಿತು? ಕಮ್ಯೂನಿಟಿ ಕಾಲೇಜುಗಳು ಎರಡು ವರ್ಷಕ್ಕೊಮ್ಮೆ ತಮ್ಮ ಕಸುಬಿನ ಕೋರ್ಸುಗಳಿಗೆ ಮಾರುಕಟ್ಟೆಯಲ್ಲಿ ಬೇಡಿಕೆ ಇದೆಯೇ ಅಂತ ನೋಡಲೇಬೇಕು, ರಾಜ್ಯದ ಕಾನೂನೇ ಹಾಗಿದೆ.

3. ಒಬ್ಬ ವಿದ್ಯಾರ್ಥಿ ವಾರಕ್ಕೆ ಎಷ್ಟು ಗಂಟೆ ಮೆಷಿನ್ ಮೇಲೆ ಕೈಯಿಟ್ಟು ಕೆಲಸ ಮಾಡುತ್ತಾನೆ? ಇಪ್ಪತ್ತು ಜನಕ್ಕೆ ಒಂದೇ ಮೆಷಿನ್ ಇದ್ದರೆ ಅದು ತರಬೇತಿ ಅಲ್ಲ, ಪ್ರದರ್ಶನ.

4. ಕಲಿಸುವವರು ಶಾಪಿನಲ್ಲಿ ಕೆಲಸ ಮಾಡಿದ್ದು ಯಾವಾಗ?

5. ಮುಗಿಸಿದಾಗ ಸಿಗುವ ಸರ್ಟಿಫಿಕೇಟು ನಿಮ್ಮ ಶಾಲೆಯದ್ದೋ, ಎಲ್ಲ ಕಂಪನಿ ಒಪ್ಪುವಂಥದ್ದೋ?

ಖಾಸಗಿ ಶಾಲೆಯಾದರೆ ಒಂದು ಕಾಗದ ಕೇಳಿ ಪಡೆಯಿರಿ: ಸ್ಕೂಲ್ ಪರ್ಫಾರ್ಮೆನ್ಸ್ ಫ್ಯಾಕ್ಟ್ ಶೀಟ್. ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಸಂಬಳ ಎಷ್ಟು, ಇದೆಲ್ಲ ಅದರಲ್ಲಿ ಇರಬೇಕು. ರಾಜ್ಯದ ಖಾಸಗಿ ಶಾಲೆಗಳ ಬ್ಯೂರೋ ಕೈಕೆಳಗೆ ಬರುವ ಶಾಲೆಗಳು ನೀವು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಇದನ್ನು ಕೊಡಬೇಕು. ಸಹಿ ಹಾಕಿದ ಮೇಲೂ, ಮೊದಲ ತರಗತಿಯ ದಿನ ಅಥವಾ ಏಳನೆಯ ದಿನ, ಯಾವುದು ತಡವೋ ಅಲ್ಲಿಯವರೆಗೆ, ರದ್ದು ಮಾಡುವ ಹಕ್ಕು ನಿಮಗಿದೆ. ಬಾಯಲ್ಲಿ ಹೇಳಿದರೆ ಸಾಲದು, ಬರೆದುಕೊಡಿ.

ಆಮೇಲೆ ಶಾಲೆ ಬಿಟ್ಟು ನೇರ ಶಾಪ್‌ಗಳಿಗೇ ಹೋಗಿ. ಹೇವರ್ಡ್, ಸ್ಯಾಂಟಾ ಕ್ಲಾರಾ, ಸ್ಯಾನ್ ಹೋಸೆಯಲ್ಲಿ ಮೂರು ಸಣ್ಣ ಮೆಷಿನ್ ಶಾಪ್ ಹಿಡಿಯಿರಿ. "ನನಗೆ ಲೇತ್ ಬರುತ್ತೆ, ನಿಮ್ಮ ಶಾಪಿಗೆ ಬೇಕಾದ್ದರಲ್ಲಿ ನನಗೆ ಏನು ಕಮ್ಮಿ ಇದೆ?" ಅಂತ ಕೇಳಿ. ಐಟಿಐ ಸರ್ಟಿಫಿಕೇಟ್ ಅವರಿಗೆ ಅರ್ಥವಾಗದೇ ಇರಬಹುದು, ಮೆಷಿನ್ ಮುಂದೆ ನಿಂತ ಕೈ ಅರ್ಥವಾಗುತ್ತದೆ. ಒಂದು ಗಂಟೆ ಟೆಸ್ಟ್ ಕೊಡಿ ಅನ್ನಿ. ಹಳೆಯ ಕಂಪನಿಯ ಗಿರಾಕಿಗಳ ಡ್ರಾಯಿಂಗ್ ಮಾತ್ರ ತೋರಿಸಬೇಡಿ, ಅದು ನಂಬಿಕೆ ಕೆಡಿಸುವ ಕೆಲಸ. ಮೂರು ಶಾಪಿನವರೂ ಒಂದೇ ಕೊರತೆ ಹೇಳಿದರೆ ಯಾವ ಕೋರ್ಸು ಹಿಡಿಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ವೀಸಾ ವಿಚಾರ

ಎಚ್-4ನಲ್ಲಿರುವ ಅಕ್ಕಂದಿರೂ ಇದೇ ತರಹ ಕೇಳುತ್ತಿರುತ್ತಾರೆ. ಎಚ್-4ನಲ್ಲಿ ಓದಬಹುದು. ಇಎಡಿ ಇಲ್ಲದೆ ಸಂಬಳದ ಕೆಲಸ ಮಾಡುವಂತಿಲ್ಲ. ಅಪ್ರೆಂಟಿಸ್‌ಶಿಪ್ ಅಂದರೆ ಅದೂ ಸಂಬಳದ ಕೆಲಸವೇ, ನೆನಪಿರಲಿ. ಇನ್ನೊಂದು ಅಡ್ಡಿ: ರಕ್ಷಣಾ ಸಾಮಗ್ರಿ ಮಾಡುವ ಶಾಪ್‌ಗಳಿಗೆ ಐಟಾರ್ ಎಂಬ ಕಾನೂನು ಇದೆ. ಅಲ್ಲಿನ ಡ್ರಾಯಿಂಗ್ ಮುಟ್ಟಲು ಸಾಮಾನ್ಯವಾಗಿ ನಾಗರಿಕರೋ, ಗ್ರೀನ್ ಕಾರ್ಡ್ ಇರುವವರೋ, ಆಶ್ರಯ ಪಡೆದವರೋ ಆಗಿರಬೇಕು. ಇಎಡಿ ಮಾತ್ರ ಇದ್ದರೆ ಆ ಬಾಗಿಲು ಮುಚ್ಚಿರುತ್ತದೆ. ಅಂಥವರು ವೈದ್ಯಕೀಯ ಉಪಕರಣ, ಚಿಪ್ ಮಾಡುವ ಯಂತ್ರಗಳ ಕಡೆ ನೋಡುವುದು ಒಳ್ಳೆಯದು. ಕೋರ್ಸಿನವರು ಕಳಿಸುವ ಕಂಪನಿಗಳು ಯಾವ ತರಹದವು ಅಂತ ಮೊದಲೇ ಕೇಳಿಕೊಳ್ಳಿ. ನಿಮ್ಮ ನಿಮ್ಮ ಕಾಗದಪತ್ರಕ್ಕೆ ತಕ್ಕ ಸಲಹೆಯನ್ನು ವಕೀಲರಿಂದ ಪಡೆಯಿರಿ.

ಮಾಲೀಕರಿಗೂ ಒಂದು ಮಾತು

ನಮ್ಮ ಓದುಗರಲ್ಲಿ ಸ್ವಂತ ಶಾಪ್ ಇಟ್ಟವರು, ಕಂಪನಿಯಲ್ಲಿ ಮ್ಯಾನೇಜರ್ ಆಗಿರುವವರು ಇದ್ದೀರಿ. "ಕೆಲಸ ಬರುವ ಜನ ಸಿಗೋದಿಲ್ಲ" ಅನ್ನುವ ಮಾತು ನಿಮ್ಮ ಬಾಯಲ್ಲೂ ಬರುತ್ತದೆ. ಹತ್ತಿರದ ಕಾಲೇಜಿನ ಸಲಹಾ ಮಂಡಳಿಗೆ ವರ್ಷಕ್ಕೆ ಎರಡು ಸಂಜೆ ಕೊಡಿ. ಯಾವ ಮೆಷಿನ್, ಯಾವ ಅಳತೆ, ಯಾವ ಸರ್ಟಿಫಿಕೇಟ್ ಬೇಕು ಅಂತ ಬಿಡಿಸಿ ಹೇಳಿ. ಬೇಕಾದ್ದನ್ನು ನೀವು ಹೇಳದೆ ಇದ್ದರೆ ಅವರು ಊಹಿಸಿ ಕಲಿಸುತ್ತಾರೆ. ಆ ಊಹೆಯ ಬೆಲೆ ತೆರುವವರು ನಮ್ಮ ಪತ್ರ ಬರೆದ ಅಣ್ಣನಂಥವರು. ನಮ್ಮವರೊಬ್ಬರು ಬಂದು ಒಂದು ಗಂಟೆ ಮೆಷಿನ್ ಟೆಸ್ಟ್ ಕೇಳಿದರೆ ಇಲ್ಲ ಅನ್ನಬೇಡಿ.

ಮುಂದಿನ ತಿಂಗಳು ವೆಲ್ಡಿಂಗ್ ಟೆಸ್ಟುಗಳ ಬಗ್ಗೆ ಬರೆಯುತ್ತೇನೆ. ಯಾವುದಾದರೂ ಕೋರ್ಸಿನಲ್ಲಿ ಮೇಲಿನ ಐದು ಪ್ರಶ್ನೆ ಕೇಳಿ ಬಂದವರು ಸಿಕ್ಕಿದ ಉತ್ತರಗಳನ್ನು ನಮಗೂ ಬರೆದು ಕಳಿಸಿ, ಮುಂದೆ ಸೇರುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.